ಎರಡು ಕಾಲಮ್ಮಿನ ನಡುವೆ ಬಿಡದ ಜಾಗ

ಮೊನ್ನೆ ಲಿಂಗಸುಗೂರಿನಲ್ಲಿ ಅಕ್ಕನ ಮನೆಯ ಮುಂದೆ ಚಪ್ಪಲಿ ಬಿಡುವಾಗ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಪೇಂಟರ್ ಒಬ್ಬ ಕಿಟಕಿಯ ಸರಳಿಗೆ ಬಣ್ಣ ಬಳಿದು ಮುಗಿಸಿ ಡಬ್ಬಿಯಲ್ಲಿ ಬ್ರಷ್ ಅದ್ದಿ ತೊಳೆಯುತ್ತಿದ್ದ. ಈ ಕಾಲದಲ್ಲಿ ಸೀಮೆಎಣ್ಣೆ ಎಲ್ಲಿ ಸಿಕ್ಕಿತೋ ಆ ಪುಣ್ಯಾತ್ಮನಿಗೆ! ಬಣ್ಣವೂ ಸೀಮೆಎಣ್ಣೆಯೂ ಕೂಡಿದ ಆ ವಾಸನೆ ಬಂದರೆ ಸಾಕು, ನನ್ನ ಹೆಬ್ಬೆರಳು ತೋರುಬೆರಳು ಇವತ್ತಿಗೂ ತಾವಾಗಿಯೇ ಒಂದನ್ನೊಂದು ಉಜ್ಜಿಕೊಳ್ಳುತ್ತವೆ. ಸಿಂಧನೂರಿನ ಒಂದು ಅಚ್ಚುಕೂಟದಲ್ಲಿ ವರ್ಷಾನುಗಟ್ಟಲೆ ಸೀಸದ ಅಕ್ಷರಮೊಳೆ ಜೋಡಿಸಿದ ಕೈ ಇದು. ಅಚ್ಚು ಮುಗಿದ ಮೇಲೆ ಆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕೇಸಿನಲ್ಲಿ ಅವುಗಳ ಮನೆಗೆ ಸೇರಿಸುತ್ತಿದ್ದೆವು.

ಒಳಗೆ ಅಕ್ಕನ ಮಗಳು ಮಂಜುಳಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ನರ್ಸ್ ಕೆಲಸ ಅವಳದು. ಮಳೆಗಾಲಕ್ಕೆ ಜನರಿಗೆ ತಿಳಿವಳಿಕೆ ಕೊಡುವ ಒಂದು ಪುಟವನ್ನು ಅವಳೇ ಮಾಡಬೇಕಿತ್ತಂತೆ. ಅದನ್ನು ವೆಬ್‌ಸೈಟಿಗೂ ಹಾಕುತ್ತಾರೆ, ಪ್ರಿಂಟ್ ತೆಗೆದು ಗೋಡೆಗೂ ಅಂಟಿಸುತ್ತಾರೆ.

“ಛಲೋ ಹೊತ್ತಿಗೆ ಬಂದಿ ಮಾಮಾ. ನೀ ಪ್ರೆಸ್ಸಿನಾವ ಅಲ್ಲೇನು, ಹೆಂಗ ಬಂದೈತಿ ಹೇಳು” ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ನೋಡಿದೆ. ನಾಲ್ಕು ನಮೂನೆಯ ಅಕ್ಷರ, ಐದು ಬಣ್ಣ, ಸುತ್ತಲೂ ಹೂಬಳ್ಳಿ. ಮೇಲೆ ದಪ್ಪಕ್ಷರದಲ್ಲಿ ‘ವಾಂತಿ-ಭೇದಿ’. ಕೆಳಗೆ ಎರಡು ಕಾಲಮ್ಮು. ನಡುವೆ ಉಗುರು ಹಾಕುವಷ್ಟೂ ಜಾಗವಿಲ್ಲ.

“ಬ್ಯಾಡ, ಬ್ಯಾಡ! ತಗಿ ಅದನ್ನ!” ಎಂದು ನಾನು ಕೂಗಿದ ರಭಸಕ್ಕೆ ಅವಳು ಗಾಬರಿಯಾಗಿ ಲ್ಯಾಪ್‌ಟಾಪ್ ಮುಚ್ಚಿಯೇ ಬಿಟ್ಟಳು.

“ಯಾಕ ಮಾಮಾ? ಛಂದ ಕಾಣಂಗಿಲ್ಲೇನು?”

ಛಂದ ಕಾಣುತ್ತಿತ್ತು. ಅದೇ ನನಗೆ ಹೆದರಿಕೆ. ಇಂಥದೇ ಒಂದು ಛಂದದ ಹಾಳೆಯನ್ನು ನಾನೂ ಮಾಡಿದ್ದೆ. ಆಗ ಈ ಮಂಜುಳಾ ಹತ್ತು ತಿಂಗಳ ಕೂಸು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಮಳೆಗಾಲದಲ್ಲಿ ನನಗೆ ಇಪ್ಪತ್ತಾರು ವರ್ಷ. ಹುಟ್ಟಿದ ಊರು ಮಸ್ಕಿ. ಊರ ಗುಡ್ಡದ ಕಲ್ಲಿನ ಮೇಲೆ ಹಳೆಯ ಕಾಲದ ಅಕ್ಷರ ಕೆತ್ತಿದ್ದಾರೆ ಎಂಬ ಜಂಬ ನನಗೆ ಬೇರೆ. ಅದರಲ್ಲಿ ಒಂದಕ್ಷರವನ್ನೂ ನಾನು ಓದಲಾರೆ, ಆ ಮಾತು ಬೇರೆ. ಅಚ್ಚುಕೂಟ ಇದ್ದದ್ದು ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ. ಕಾಲಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಮಷೀನು, ಗೋಡೆಗೆ ಒರಗಿದ ಮೊಳೆಯ ಕೇಸುಗಳು, ಅವುಗಳ ಮುಂದೆ ನಿಂತು ನಿಂತು ಮೊಣಕಾಲು ಸವೆಸಿಕೊಂಡ ಖಾಜಾಸಾಬರು. ಅವರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಿದ್ದರು. ನಾನು ಏನಾದರೂ ಹೆಚ್ಚಿಗೆ ಮಾತಾಡಿದರೆ, “ಬಂದ ನೋಡ್ರಿ ಕಲ್ಲಿನ ಮ್ಯಾಗ ಅಕ್ಷರ ಕೆತ್ತಿದ ಊರಾವ” ಎಂದು ಕಾಲೆಳೆಯುತ್ತಿದ್ದರು.

ಉಸ್ತಾದರು ಪಾಠ ಅಂತ ಕೂರಿಸಿ ಏನನ್ನೂ ಹೇಳಿದವರಲ್ಲ. ಕೈ ನಡೆಯುವಾಗ ಬಾಯಿ ನಡೆಯುತ್ತಿತ್ತು, ಅಷ್ಟೆ. ಕನ್ನಡದ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಹಾಕದೆ ನಾನು ಒತ್ತಿ ಜೋಡಿಸಿದರೆ, “ಒತ್ತಕ್ಷರಕ್ಕ ಕಾಲು ಚಾಚಾಕ ಜಾಗಾ ಬ್ಯಾಡೇನು ಬೇಟಾ? ಕೆಳಗಿನಾವನ ತಲಿ ಮ್ಯಾಗ ಕುಂದರಬೇಕೇನು?” ಎನ್ನುತ್ತಿದ್ದರು. ಸಾಲು ಹಾಳೆಯ ಈ ತುದಿಯಿಂದ ಆ ತುದಿಗೆ ಹೋದರೆ, “ಓದಾವನ ಕಣ್ಣು ಹೋಗಿ ತಿರುಗಿ ಬರೂದ್ರೊಳಗ ದಾರಿ ತಪ್ಪತೈತಿ” ಎಂದು ಮೊಳೆ ಜೋಡಿಸುವ ಸ್ಟಿಕ್ಕಿನ ಅಳತೆ ತಾವೇ ಬದಲಿಸುತ್ತಿದ್ದರು. ಒಂದು ಕರಪತ್ರದಲ್ಲಿ ನಾನು ಪ್ರತಿ ಎರಡನೇ ಸಾಲನ್ನೂ ದಪ್ಪ ಮೊಳೆಯಲ್ಲಿ ಜೋಡಿಸಿದಾಗ ಅವರು ಕಿವಿ ಮುಚ್ಚಿಕೊಂಡು ತೋರಿಸಿದರು. ಎಲ್ಲರೂ ಚೀರಿದರೆ ಯಾರ ಮಾತು ಕೇಳಬೇಕು ಎಂಬುದು ಅದರ ಅರ್ಥ. ಬಿಳಿ ಜಾಗದ ವಿಷಯದಲ್ಲಿ ಮಾತ್ರ ಅವರಿಗೂ ಊರಿಗೂ ದಿನಾ ಜಗಳ. ಗಿರಾಕಿಗಳಿಗೆ ಹಾಳೆ ತುಂಬಿರಬೇಕು. ಖಾಲಿ ಕಂಡರೆ ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ ಅಂದುಕೊಳ್ಳುತ್ತಿದ್ದರು. ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು.

ಇವೆಲ್ಲಕ್ಕಿಂತ ವಿಚಿತ್ರವಾದ ಒಂದು ಪದ್ಧತಿ ಅವರದಿತ್ತು. ಅದಕ್ಕೆ ‘ಹೊರಗಿನ ಕಣ್ಣು’ ಎಂದು ಹೆಸರಿಟ್ಟಿದ್ದರು. ಪ್ರೂಫ್ ತಿದ್ದಿ ಮುಗಿದ ಮೇಲೆ ಆ ಹಾಳೆಯನ್ನು ಎದುರಿಗೆ ಚಹಾದಂಗಡಿ ಇಟ್ಟಿದ್ದ ನೀಲಮ್ಮನ ಕೈಗೆ ಕೊಡುವುದು. ಅವಳು ಓದಿದ್ದು ನಾಲ್ಕನೇ ಕ್ಲಾಸು, ನಮ್ಮ ಕಡೆಯ ಮಾತಲ್ಲಿ ನಾಲ್ಕನೇತ್ತ. ಸೆರಗಿಗೆ ಕೈ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ತಡೆದು ತಡೆದು ಗಟ್ಟಿಯಾಗಿ ಓದುತ್ತಿದ್ದಳು. ಅವಳ ಬೆರಳು ಎಲ್ಲಿ ನಿಲ್ಲುತ್ತದೋ, ಎಲ್ಲಿ ಹಿಂದಕ್ಕೆ ಬರುತ್ತದೋ ಅಲ್ಲಿ ಉಸ್ತಾದರು ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. “ವಿಷಯ ಗೊತ್ತಿದ್ದಾವ ಅಕ್ಷರ ಓದಂಗಿಲ್ಲ ಬಸವಾ, ತನ್ನ ತಲ್ಯಾಗಿಂದು ಓದತಾನ. ಗೊತ್ತಿಲ್ಲದವ್ರು ಓದಬೇಕು” ಎನ್ನುತ್ತಿದ್ದರು. ನನಗೆ ಇದು ಅವಮಾನ. ಎಸ್ಸೆಸ್ಸೆಲ್ಸಿ ಪಾಸಾದ ನನ್ನ ಕೆಲಸವನ್ನು ಚಹಾ ಕಾಸುವವಳು ಒಪ್ಪಬೇಕೆ?

ಆ ವರ್ಷ ಕಾಲುವೆಗೆ ನೀರು ಬಿಟ್ಟದ್ದೂ ಮಳೆ ಹಿಡಿದದ್ದೂ ಒಂದೇ ಸಲ. ಗದ್ದೆಯ ನೀರು, ರಸ್ತೆಯ ನೀರು, ಕಾಲುವೆಯ ನೀರು ಎಲ್ಲ ಒಂದಾಯಿತು. ನಾಟಿ ಹಚ್ಚುವ ಹೆಣ್ಣುಮಕ್ಕಳು ಬಾಯಾರಿದರೆ ಅದನ್ನೇ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದರು. ಸಾಲಗುಂದದಲ್ಲಿ ವಾಂತಿ-ಭೇದಿ ಅಂದರು, ವಾರದಲ್ಲಿ ಬಳಗಾನೂರಿನಲ್ಲೂ ಅಂದರು. ದವಾಖಾನೆಯ ಡಾಕ್ಟರಮ್ಮ ಕೊಡೆ ಹಿಡಿದು ತಾವೇ ಅಚ್ಚುಕೂಟಕ್ಕೆ ಬಂದರು. ಅವರ ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ. ಒಂದು ಮಗ್ಗುಲಿಗೆ ಭೇದಿಯಾದ ಮಗುವಿಗೆ ಮನೆಯಲ್ಲೇ ಉಪ್ಪು-ಸಕ್ಕರೆಯ ನೀರು ಮಾಡಿ ಕುಡಿಸುವ ರೀತಿ, ಇನ್ನೊಂದು ಮಗ್ಗುಲಿಗೆ ನೀರಿನ ಕೊಡವನ್ನು ಉಪ್ಪು ಹಾಕಿ ಉಜ್ಜಿ ತೊಳೆಯುವ ರೀತಿ. ಊರೂರಿಗೆ ಹಂಚಬೇಕು, ನಾಳೆಯೇ ಬೇಕು.

ಉಸ್ತಾದರು ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಯಚೂರಿಗೆ ಹೋಗಿದ್ದರು. ಬಸ್ಸು ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದು ಒಂದೇ ಮಾತು: “ನೀಲವ್ವ ಓದದ ಏನೂ ಮಷೀನಿಗೆ ಹಾಕಬ್ಯಾಡ.”

ನಾನಾದರೋ ಆ ಒಂದು ದಿನಕ್ಕಾಗಿ ಕಾಯುತ್ತಿದ್ದವನು. ಹುಬ್ಬಳ್ಳಿಯಿಂದ ಹೊಸದಾಗಿ ಬಂದಿದ್ದ ಮಲ್ಲಿಗೆ ಹೂವಿನ ಬಾರ್ಡರ್ ಮೊಳೆ ಇನ್ನೂ ಕಾಗದದಲ್ಲೇ ಸುತ್ತಿತ್ತು. ಬಿಚ್ಚಿದೆ. ಹಾಳೆಯ ನಾಲ್ಕೂ ಕಡೆ ಎರಡೆರಡು ಸಾಲು ಹೂವು ಹೂಡಿದೆ. ಪೇಪರಿನಲ್ಲಿ ನೋಡಿದಂತೆ ಎರಡು ಕಾಲಮ್ಮು ಮಾಡಿದೆ, ಎಡಕ್ಕೆ ಮಗುವಿನದು, ಬಲಕ್ಕೆ ಕೊಡದ್ದು. ಹೂವು ಜಾಗ ತಿಂದದ್ದರಿಂದ ಕಾಲಮ್ಮುಗಳ ನಡುವಿನ ಗೆರೆ ತೆಗೆದೆ, ಆಮೇಲೆ ಖಾಲಿಯನ್ನೂ ತೆಗೆದೆ. ಎರಡಕ್ಕೂ ಬೇರೆ ಬೇರೆ ತಲೆಬರಹ ಇತ್ತು. ಅವನ್ನೂ ತೆಗೆದು, ಎರಡರ ಮೇಲೂ ಹಾಯುವಂತೆ ದೊಡ್ಡ ಮೊಳೆಯಲ್ಲಿ ‘ವಾಂತಿ-ಭೇದಿ ಬಂದಾಗ’ ಎಂದು ಒಂದೇ ತಲೆಬರಹ ಕೂರಿಸಿದೆ. ಬೆರಳಿಡಲು ಎಲ್ಲೂ ಬಿಳಿ ಉಳಿಯಲಿಲ್ಲ. ಪ್ರೂಫನ್ನು ನಾನೇ ಓದಿದೆ, ಎಡಗಡೆಯದ್ದು ಮೊದಲು, ಬಲಗಡೆಯದ್ದು ಆಮೇಲೆ. ಒಂದು ಮೊಳೆಯೂ ತಪ್ಪಿರಲಿಲ್ಲ. ಡಾಕ್ಟರಮ್ಮನೂ ಅವಸರದಲ್ಲಿ ನೋಡಿ, “ಚೆಂದ ಬಂದದ ರೀ” ಅಂದರು. ಬರೆದವರು ಅವರೇ ತಾನೆ, ಅವರಿಗೂ ಎಲ್ಲ ಸರಿಯಾಗೇ ಕಂಡಿತು. ನೀಲಮ್ಮನ ಅಂಗಡಿಯ ಮುಂದೆ ಬಸ್ಸಿಳಿದವರ ಗದ್ದಲ ಇತ್ತು. ಅದೇ ನೆಪ ಸಾಕಾಯಿತು. ಸಂಜೆಯ ಹೊತ್ತಿಗೆ ಎರಡು ಸಾವಿರ ಹಾಳೆ ಒಣಗಿ ಕಟ್ಟಾದವು.

ನಾಲ್ಕನೆಯ ದಿನ ಬೆಳಿಗ್ಗೆ ಜವಳಗೇರಾ ಬಸ್ಸಿನ ಕಂಡಕ್ಟರ್ ಅಚ್ಚುಕೂಟದ ಬಾಗಿಲಿಗೆ ಬಂದು, “ನಿಮ್ಮಕ್ಕ ಕೂಸಿನ್ನ ಎತಗೊಂಡು ದವಾಖಾನಿಗೆ ಹೋಗ್ಯಾಳ. ಜಲ್ದಿ ಹೋಗು” ಎಂದ. ಅಕ್ಕ ಶಾಂತಮ್ಮನನ್ನು ಜವಳಗೇರಾಕ್ಕೆ ಕೊಟ್ಟಿದ್ದೆವು, ಲಿಂಗಸುಗೂರಿಗೆ ಅವಳು ಬಂದದ್ದು ಆಮೇಲೆ. ಕೈಯ ಮಸಿಯನ್ನೂ ತೊಳೆಯದೆ ಓಡಿದೆ.

ಕೂಸು ಮಂಚದ ಮೇಲೆ ಕಟ್ಟಿಗೆಯಂತೆ ಸೆಟೆದುಕೊಂಡಿತ್ತು. ಕಣ್ಣು ಮೇಲಾಗಿದ್ದವು. ತುಟಿ ಒಡೆದು ಬಿಳಿಚಿಕೊಂಡಿದ್ದವು. ಡಾಕ್ಟರಮ್ಮ ಅದರ ಪುಟ್ಟ ಕೈಯಲ್ಲಿ ಸಲಾಯಿನ್ ಹಚ್ಚಲು ನರ ಹುಡುಕುತ್ತಿದ್ದರು. “ಭೇದಿಗೆ ಹಿಂಗ ಆಗೂದಿಲ್ಲ. ಏನು ಕುಡಿಸೀರಿ ಇದಕ್ಕ? ಖರೇ ಹೇಳ್ರಿ” ಎಂದು ಅಕ್ಕನನ್ನು ಗದರಿಸಿದರು.

ಅಕ್ಕ ಸೊಂಟದ ಸಂಚಿಯಿಂದ ಮಡಿಸಿದ ಕಾಗದ ತೆಗೆದಳು. ನನ್ನ ಮಲ್ಲಿಗೆ ಬಾರ್ಡರ್ ಎದ್ದು ಕಂಡಿತು.

“ಇದ್ರಾಗ ಬರದಂಗ ಮಾಡೀನ್ರಿ. ನಮ್ಮ ತಮ್ಮ ಅಚ್ಚು ಹಾಕಿದ್ದು” ಎಂದು, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: “ಕಾಸಿ ಆರಿಸಿದ... ಒಂದು ಲೀಟರ್ ನೀರಿಗೆ... ಒಂದು ಹಿಡಿ ಉಪ್ಪು ಹಾಕಿ...”

ಅವಳ ಬೆರಳು ಎಡಗಡೆಯ ಕಾಲಮ್ಮಿನಿಂದ ಹೊರಟು ಎಲ್ಲೂ ನಿಲ್ಲದೆ ನೇರ ಬಲಗಡೆಯ ಕಾಲಮ್ಮಿಗೆ ಹೋಗಿತ್ತು. ‘ಒಂದು ಲೀಟರ್ ನೀರಿಗೆ’ ಮಗುವಿನದು. ‘ಒಂದು ಹಿಡಿ ಉಪ್ಪು ಹಾಕಿ’ ಕೊಡ ಉಜ್ಜಲು. ಮಗುವಿನ ಪಾಲಿನ ಅರ್ಧ ಚಮಚ ಉಪ್ಪು ಕೆಳಗಿನ ಸಾಲಿನಲ್ಲಿತ್ತು. ಅದೂ ಬಲಗಡೆಯ ಮಾತಿನೊಂದಿಗೆ ಕಲಸಿಹೋಗಿತ್ತು.

“ಮುಂದಿಂದು ತಿಳೀಲಿಲ್ರಿ. ಉಪ್ಪಿಂದು ತಿಳೀತು. ಕೂಸು ಉಗುಳ್ತು, ಅತ್ತಿತು. ಔಷಧ ಅಂದ್ರ ಹಂಗ ಇರತೈತಿ ಅಂತ ಮೂಗು ಹಿಡದು ಕುಡಿಸೀನಿ” ಎಂದಳು ಅಕ್ಕ.

ಡಾಕ್ಟರಮ್ಮ ಕಾಗದ ಕಸಿದುಕೊಂಡು ನೋಡಿದರು. “ಅಯ್ಯೋ ದೇವರ! ಅರ್ಧ ಚಮಚ ಅಂತ ಇಷ್ಟು ಸ್ಪಷ್ಟ ಬರದೈತಿ. ಓದಾಕ ಬರದಿದ್ರ ಬಲ್ಲವರನ್ನ ಕೇಳಬೇಕಲ್ಲ ತಾಯಿ! ಎಂಥಾ ತಪ್ಪು ಓದಿ ಕೂಸಿನ ಜೀವಕ್ಕ ಕುತ್ತು ತಂದಿ!” ಎಂದರು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ಕುಸಿದಳು. ನಾನು ಅಲ್ಲೇ ಇದ್ದೆ. ಅವಳು ಅಳುತ್ತಲೇ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅಚ್ಚುಕೂಟಕ್ಕೆ ಹೇಗೆ ಬಂದೆನೋ ಗೊತ್ತಿಲ್ಲ. ಉಸ್ತಾದರು ಅದೇ ತಾನೆ ರಾಯಚೂರಿನಿಂದ ಬಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ನಡೆದದ್ದನ್ನು ಹೇಳಿದೆ. “ಅಕ್ಕ ತಪ್ಪು ಓದಿದ್ಳು ಉಸ್ತಾದರ” ಎಂದೆ. ಹೌದು, ಹಾಗೇ ಹೇಳಿದೆ.

ಅವರು ಉಳಿದಿದ್ದ ಒಂದು ಹಾಳೆ ತರಿಸಿ ನೀಲಮ್ಮನನ್ನು ಕೂಗಿದರು. ಅವಳು ಕೈ ಒರೆಸಿಕೊಂಡು ಬಂದು ಬೆರಳಿಟ್ಟು ಓದಿದಳು. “ಒಂದು ಲೀಟರ್ ನೀರಿಗೆ ಒಂದು ಹಿಡಿ ಉಪ್ಪು ಹಾಕಿ.” ಆಮೇಲೆ ತಲೆ ಎತ್ತಿ, “ಯಾತಕ್ಕ ರೀ ಇಷ್ಟು ಉಪ್ಪು?” ಎಂದು ಕೇಳಿದಳು.

ಉಸ್ತಾದರು ಕಟ್ಟಿದ ಕಣ್ಣಲ್ಲೇ ನನ್ನ ಕಡೆ ತಿರುಗಿದರು. “ನಿಮ್ಮಕ್ಕ ತಪ್ಪು ಓದಿಲ್ಲ. ನೀ ಹಂಗ ಓದ್ಸೀದಿ.”

ಅದುವರೆಗೆ ಅಕ್ಷರ ತಪ್ಪಿದರೆ ಮಾತ್ರ ತಪ್ಪು ಅಂದುಕೊಂಡಿದ್ದೆ. ಒಂದಕ್ಷರವೂ ತಪ್ಪದೆ ಒಂದು ಕೂಸನ್ನು ಸಾವಿನ ಬಾಯಿಗೆ ನೂಕಬಹುದು ಎಂದು ಯಾರಿಗೆ ಹೊಳೆದೀತು? ಹೊರಗೆ ಇನ್ನೂ ಎರಡು ಸಾವಿರ ಹಾಳೆಗಳಿದ್ದವು.

ದವಾಖಾನೆಗೆ ತಿರುಗಿ ಓಡಿದೆ. ಡಾಕ್ಟರಮ್ಮನನ್ನು ಅವರ ಕೋಣೆಯಲ್ಲಿ ಕಂಡು, ತಪ್ಪು ನನ್ನದು ಎಂದು ಕೈ ಮುಗಿದೆ. ಅವರು ಹಾಳೆಯನ್ನು ಮತ್ತೊಮ್ಮೆ ನೋಡಿದರು, ಈ ಸಲ ಬೆರಳಿಟ್ಟು. ಕೂಡಲೇ ಜೀಪಿನ ಡ್ರೈವರನನ್ನು ಕೂಗಿದರು. ಹತ್ತು ನಿಮಿಷದಲ್ಲಿ ಜೀಪು ಹೊರಟಿತು, ಅದರಲ್ಲಿ ನಾನೂ ಇದ್ದೆ. ಸಾಲಗುಂದ, ಬಳಗಾನೂರು, ಜವಳಗೇರಾ ಎಲ್ಲ ಕಡೆ ಕೆಸರಿನಲ್ಲಿ ಮನೆ ಮನೆ ತಿರುಗಿದೆವು. ಹಿಟ್ಟಿನ ಗಿರಣಿಯ ಗೋಡೆಯಿಂದ ಕೆರೆದು ತೆಗೆದೆವು. ಪ್ರತಿ ಬಾಗಿಲಲ್ಲೂ ಕೂಸಿಗೆ ಏನು ಕುಡಿಸಿದ್ದೀರಿ ಎಂದು ಕೇಳಿದೆವು. ಬಳಗಾನೂರಿನಲ್ಲಿ ಒಬ್ಬ ಮುದುಕಿ ಹಾಳೆಯನ್ನು ದೇವರ ಜಗಲಿಯಿಂದ ತೆಗೆದುಕೊಟ್ಟಳು. “ಹೂವಿಂದು ಛಂದ ಐತೆಲ್ರಿ, ಅದಕ್ಕ ಇಟ್ಟೀನಿ. ಓದೂದು ಬಿಡೂದು ಯಾರಿಗೊತ್ತು” ಎಂದಳು. ಓದಿಸಲೆಂದು ಮಾಡಿದ ಹಾಳೆಯನ್ನು ಬಹಳ ಮಂದಿ ಓದಿಯೇ ಇರಲಿಲ್ಲ. ಆವತ್ತು ಅದಕ್ಕಾಗಿ ನಾನು ದೇವರಿಗೆ ಕೈ ಮುಗಿದೆ.

ಹೊಸ ಹಾಳೆಯನ್ನು ಉಸ್ತಾದರು ಕೂತಲ್ಲೇ ಹೇಳಿದರು, ನಾನು ಜೋಡಿಸಿದೆ. ಮಗುವಿನದೇ ಒಂದು ಹಾಳೆ, ಕೊಡದ್ದೇ ಒಂದು. ಒಂದೇ ನಮೂನೆಯ ಅಕ್ಷರ, ದೊಡ್ಡದು. ಒಂದು ಸಾಲಿಗೆ ಒಂದೇ ಕೆಲಸ. ಉಪ್ಪಿನ ಸಾಲು ಮಾತ್ರ ದಪ್ಪ, ಅದರ ಮೇಲೆ ಕೆಳಗೆ ಎರಡು ಬೆರಳು ಬಿಳಿ. ಹೂವಿಲ್ಲ. ನೀಲಮ್ಮ ಎಲ್ಲೂ ತಡೆಯದೆ ಓದಿದ ಮೇಲೆಯೇ ಮಷೀನು ತಿರುಗಿತು.

ಮೂರನೆಯ ದಿನ ಕೂಸು ಕಣ್ಣು ಬಿಟ್ಟಿತು, ಹಾಲು ಕುಡಿಯಿತು. ಅಕ್ಕ ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು. ಡಾಕ್ಟರಮ್ಮನಿಗೆ ಹೇಳಿದ್ದೆನಲ್ಲ, ಅವರು ಅಕ್ಕನಿಗೆ ಹೇಳಿರುತ್ತಾರೆ ಅಂದುಕೊಂಡೆ. ನಾನೇ ಹೇಳಬೇಕಿತ್ತು. ಕೂಸು ಬದುಕಿತಲ್ಲ, ಇನ್ನು ಆ ಮಾತು ಯಾಕೆ ಎಂದು ಸುಮ್ಮನಾದೆ. ಹೇಡಿತನಕ್ಕೆ ಎಷ್ಟು ಸಲೀಸಾದ ಕಾರಣ ಸಿಗುತ್ತದೆ ನೋಡಿ.

ಇದರಲ್ಲಿ ಹೇಳಬಹುದಾದಷ್ಟನ್ನು ಮೊನ್ನೆ ಮಂಜುಳಾಗೆ ಹೇಳಿದೆ. ಯಾರದೋ ಕೂಸು, ಯಾರೋ ತಾಯಿ ಎಂದೆ. ಅವಳು ಪುಟವನ್ನು ಹೊಸದಾಗಿ ಮಾಡತೊಡಗಿದಳು. ಹೂಬಳ್ಳಿ ಹೋಯಿತು, ಬಣ್ಣ ಹೋದವು, ಬಿಳಿಯ ಮೇಲೆ ಕಪ್ಪು ಉಳಿಯಿತು. ಒಂದೇ ಕಾಲಮ್ಮು.

“ಫೋನಿನಾಗ ನೋಡವ್ರ ಭಾಳ ಮಾಮಾ. ಸಣ್ಣ ಗಾಜು.”

“ಹಂಗಾದ್ರ ಅಕ್ಷರ ಸಣ್ಣವು ಮಾಡಬ್ಯಾಡವ್ವ, ಮಾತು ಕಡಿಮಿ ಮಾಡು. ಸಾಲಿನ ನಡುವ ಇನ್ನೊಂಚೂರು ಜಾಗಾ ಬಿಡು. ಕನ್ನಡಕ್ಕ ಅದು ಬೇಕು.”

ಪುಟ ಸಿದ್ಧವಾಯಿತು. “ಇನ್ನ ಹೊರಗಿನ ಕಣ್ಣು ಬೇಕು” ಎಂದು ನಾನೇ ಅಡುಗೆಮನೆಯ ಕಡೆ ತಿರುಗಿ, “ಅಕ್ಕಾ, ಬಾ ಇಲ್ಲಿ, ಇದನ್ನೊಂದಿಷ್ಟು ಓದು” ಎಂದು ಕರೆದೆ.

ಅಕ್ಕ ಬಾಗಿಲಿಗೆ ಬಂದು ನಿಂತಳು. “ನನಗ ಓದಾಕ ಬರಂಗಿಲ್ಲೋ ತಮ್ಮಾ.”

ನಾನು ನಕ್ಕೆ. “ಐದನೇತ್ತ ಪಾಸಾದಾಕಿ ನೀ. ನನಗ ಅಕ್ಷರ ಕಲ್ಸಿದಾಕಿ ನೀನ.”

ಮಂಜುಳಾ ತಲೆಯಾಡಿಸಿದಳು. “ಅವ್ವ ಓದಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ ಮಾಮಾ. ಬಸ್ಸಿನ ಬೋರ್ಡನ್ನೂ ಮಂದಿನ್ನ ಕೇಳೇ ಹತ್ತತಾಳ. ಎಲ್ಲೆರ ಸೈ ಮಾಡ ಅಂದ್ರ ಹೆಬ್ಬಟ್ಟು ಒತ್ತತಾಳ.”

“ಒಮ್ಮೆ ಓದಿ ಹೊಟ್ಟ್ಯಾಗ ಹುಟ್ಟಿದ್ದನ್ನ ಕೊಲ್ಲತಿದ್ದೆ” ಎಂದಳು ಅಕ್ಕ, ಬಹಳ ಮೆಲ್ಲಗೆ. “ಅವತ್ತ ಬಿಟ್ಟೆ. ಅರ್ಧಮರ್ಧ ಓದೂದಕ್ಕಿಂತ ಬರಂಗಿಲ್ಲ ಅನ್ನೂದ ಛಲೋ.”

ಮೂವತ್ತು ವರ್ಷಕ್ಕೂ ಮೇಲಾಯಿತು. ಹಬ್ಬಕ್ಕೆ ಬಂದಿದ್ದೇನೆ, ಇವಳ ಕೈಯಡುಗೆ ಉಂಡಿದ್ದೇನೆ. ಕೂಸು ಉಳಿಯಿತು ಎಂದು ನಾನು ಮರೆತೆ. ಇವಳು ಆ ತಪ್ಪನ್ನು ತನ್ನದೆಂದು ಹೊತ್ತು, ಕಣ್ಣಿದ್ದೂ ಓದದೆ ಕೂತಿದ್ದಾಳೆ. ಡಾಕ್ಟರಮ್ಮ ಇವಳಿಗೆ ಏನನ್ನೂ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

“ಅಕ್ಕಾ” ಎಂದೆ. “ನೀ ತಪ್ಪು ಓದಿರಲಿಲ್ಲ. ಅದರಾಗ ಹಂಗ ಇತ್ತು. ಎರಡು ಮಾತಿನ ನಡುವ ನಾ ಜಾಗಾ ಬಿಟ್ಟಿರಲಿಲ್ಲ. ನೀ ಓದಿದ್ದು ಖರೇ ಇತ್ತು. ನಾ ಮಾಡಿದ್ದ ತಪ್ಪು. ಅವತ್ತ ಗೊತ್ತಿತ್ತು ನನಗ.”

ಮಂಜುಳಾ ನನ್ನನ್ನೂ ತಾಯಿಯನ್ನೂ ನೋಡಿದಳು. ಆ ಯಾರದೋ ಕೂಸು ಯಾರೆಂದು ಅವಳಿಗೆ ಆಗ ತಿಳಿಯಿತು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. “ಅವತ್ತ ಹೇಳಿದ್ರ ಏನಾಗತಿತ್ತೋ ನಿನಗ?” ಎಂದಷ್ಟೇ ಕೇಳಿದಳು.

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಮಗಳ ಪಕ್ಕ ಕೂತಳು. ಪರದೆಗೆ ಬೆರಳು ತಾಗಿಸಲು ಹೆದರಿ, ಒಂದಿಷ್ಟು ದೂರದಲ್ಲೇ ಹಿಡಿದಳು.

“ಕಾಸಿ... ಆರಿಸಿದ... ಒಂದು... ಲೀಟರ್... ನೀರಿಗೆ.” ಸಾಲು ಮುಗಿಯಿತು. ಮುಂದೆ ಬರೀ ಬಿಳಿ. ಬೆರಳು ಅಲ್ಲಿ ನಿಂತಿತು, ತಿರುಗಿ ಕೆಳಗಿನ ಸಾಲಿಗೆ ಬಂತು. “ಸಕ್ಕರೆ... ಆರು... ಚಮಚ.” ಮತ್ತೆ ನಿಂತಿತು.

“ಉಪ್ಪು... ಅರ್ಧ... ಚಮಚ.”

ಅಕ್ಕ ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. “ಅಷ್ಟ?”

“ಅಷ್ಟ ಅಕ್ಕಾ” ಎಂದೆ.